ಅಕ್ಕ ಒಪ್ಪಿದಳೆಂದು ಬರೆದವರು

ನರಸಿಂಹರಾಜಪುರದಲ್ಲಿ ನಾವಿದ್ದ ಬಾಡಿಗೆ ಮನೆಯ ಅಡುಗೆಮನೆಗೂ ಹೊರಗಿನ ಕೋಣೆಗೂ ನಡುವೆ ಪೂರ್ತಿ ಗೋಡೆ ಇರಲಿಲ್ಲ. ಕಟ್ಟಿಸಿದವರು ಎದೆಯೆತ್ತರಕ್ಕೆ ಇಟ್ಟಿಗೆ ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ಮರದ ಜಾಲರಿ ಹೊಡೆಸಿದ್ದರು. ಹೊರಗೆ ಗಂಡಸರು ಆಡಿದ್ದೆಲ್ಲ ಒಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಒಳಗೆ ನಾವು ಆಡಿದ್ದು ಮಾತ್ರ ಹೊರಗೆ ಕೇಳಿಸಬಾರದು. ಇದು ಯಾರೂ ಬಾಯಿಬಿಟ್ಟು ಹೇಳದೆ ನಡೆದುಕೊಂಡು ಬಂದ ಕಟ್ಟಳೆ. ಆ ಜಾಲರಿಯ ಈಚೆ, ರುಬ್ಬುವ ಕಲ್ಲಿನ ಪಕ್ಕ ಕೂತು ನಾನು ಗ್ರೀಕರ ದೇವತೆಗಳ ಸಿಟ್ಟುಸೆಡವುಗಳನ್ನು, ಬೈಬಲ್ಲಿನಲ್ಲಿ ಬರುವ ಇಬ್ರಿಯರ ರಾಜರ ಯುದ್ಧಗಳನ್ನು, ಯಾರ ಕಥೆಯನ್ನು ಯಾರು ಎತ್ತಿಕೊಂಡರು ಎಂಬ ವಾದಗಳನ್ನು ಕೇಳುತ್ತ ಬೆಳೆದೆ. ಅಪ್ಪಯ್ಯನ ಬಗ್ಗೆ ಯಾರಾದರೂ ಕೇಳಿದರೆ ಬಹಳ ವರ್ಷ ಈ ಭಾಗವನ್ನಷ್ಟೇ ಹೇಳುತ್ತಿದ್ದೆ. ಎಂಥ ಮನೆಯಲ್ಲಿ ಬೆಳೆದಿರಿ ಮಾರಾಯ್ರೆ ಎಂದು ಕೇಳಿದವರು ಬೆರಗಾಗುತ್ತಿದ್ದರು, ನಾನು ಹೆಮ್ಮೆಪಡುತ್ತಿದ್ದೆ. ಉಳಿದರ್ಧ ಹೇಳಲು ನನಗೆ ಅರವತ್ತು ದಾಟಬೇಕಾಯಿತು. ಅದಕ್ಕಾಗಿ ನನ್ನ ಮೇಲೆಯೇ ನನಗೆ ಸಿಟ್ಟಿದೆ.

ಅಪ್ಪಯ್ಯ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅವರ ಬಳಿ ರಟ್ಟು ಕಿತ್ತುಹೋದ, ಮೊದಲ ಹತ್ತಿಪ್ಪತ್ತು ಪುಟಗಳೇ ಇಲ್ಲದ ಗ್ರೀಕ್ ಕಥೆಗಳ ಒಂದು ಇಂಗ್ಲಿಷ್ ಪುಸ್ತಕವಿತ್ತು. ಸಂಜೆ ಊಟಕ್ಕೆ ಕೂತಾಗ ಅದರಿಂದ ಒಂದೊಂದೇ ಕಥೆಯನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದರು. ಹೇಳುವ ಭರದಲ್ಲಿ ಸಾರು ಆರಿಹೋಗಿ ಅಮ್ಮ ಮತ್ತೆ ಬಿಸಿ ಮಾಡಿ ತರಬೇಕಾಗುತ್ತಿತ್ತು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಅಷ್ಟನ್ನೂ ನೆನಪಿಟ್ಟುಕೊಂಡು, ಮಾರನೇ ದಿನ ಹಿತ್ತಿಲ ಕಟ್ಟೆಯ ಮೇಲೆ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿ ಹೇಳುತ್ತಿದ್ದಳು. ಅವಳು ಹೇಳಿದರೆ ಕಥೆ ಚಿಕ್ಕದಾಗುತ್ತಿತ್ತು, ಆದರೆ ಯಾರಿಗೂ ಮರೆಯುತ್ತಿರಲಿಲ್ಲ. ಕಲಿಸುವುದು ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಟಿ.ಸಿ.ಎಚ್. ಮಾಡಿ ಟೀಚರಾಗುತ್ತೇನೆ ಎನ್ನುತ್ತಿದ್ದಳು. ಅದರ ಅರ್ಜಿ ನಮೂನೆಯನ್ನು ಕೊಪ್ಪದಿಂದ ತಂದುಕೊಟ್ಟವರೂ ಅಪ್ಪಯ್ಯನೇ. ಅವರು ಕೆಟ್ಟವರಾಗಿದ್ದರೆ ಈ ಅಧ್ಯಾಯ ಬರೆಯುವುದು ಸುಲಭವಿತ್ತು.

ಭಾನುವಾರ ಮಧ್ಯಾಹ್ನ ಚಾಕೋ ಮಾಸ್ತರು ಬರುತ್ತಿದ್ದರು. ಅಪ್ಪಯ್ಯನ ಶಾಲೆಯಲ್ಲೇ ಗಣಿತ ಹೇಳುತ್ತಿದ್ದವರು. ಅವರ ಅಪ್ಪನ ಕಾಲಕ್ಕೆ ಕೇರಳದಿಂದ ಬಂದು ಊರಾಚೆ ಜಾಗ ಮಾಡಿಕೊಂಡ ಕ್ರೈಸ್ತ ಕುಟುಂಬ. ಇಗರ್ಜಿ ಮುಗಿಸಿ, ಮನೆಯಲ್ಲಿ ಉಂಡು, ಬಟ್ಟೆಚೀಲದಲ್ಲಿ ನಾಲ್ಕು ಮರಗೆಣಸು ಹಾಕಿಕೊಂಡು ಬರುವರು. ಅಪ್ಪಯ್ಯನ ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ವಾದಕ್ಕೆ ಇಳಿಯುವರು. ಅವರ ಕಾಫಿಯ ಲೋಟ ಬೇರೆ ಇತ್ತು. ಅದನ್ನು ಹೊರಗಿನ ಕಿಟಕಿಯ ದಂಡೆಯ ಮೇಲೆ ಬೋರಲು ಹಾಕಿ ಇಡುತ್ತಿದ್ದರು. ಅದು ಒಳಗಿನ ಪಾತ್ರೆಗಳ ಜೊತೆ ಸೇರುತ್ತಿರಲಿಲ್ಲ. ಮನುಷ್ಯರ ಕಥೆಗಳೆಲ್ಲ ಒಂದರೊಳಗೊಂದು ಬೆರೆತಿವೆ, ಶುದ್ಧ ಎನ್ನುವುದು ಎಲ್ಲೂ ಇಲ್ಲ ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದ ಅಪ್ಪಯ್ಯನಿಗೆ ಆ ಲೋಟ ಕಾಣುತ್ತಿರಲಿಲ್ಲ. ಚಾಕೋ ಮಾಸ್ತರಿಗೆ ಕಾಣುತ್ತಿತ್ತು. ಕುಡಿದಾದ ಮೇಲೆ ಅವರೇ ಎದ್ದು, ಅಂಗಳದಲ್ಲಿ ತೊಳೆದು, ದಂಡೆಯ ಮೇಲಿಟ್ಟು ಬಂದು ವಾದ ಮುಂದುವರಿಸುತ್ತಿದ್ದರು.

ಅಪ್ಪಯ್ಯನ ವಾದ ಇಷ್ಟು. ಇಬ್ರಿಯರ ಧರ್ಮಗ್ರಂಥದ ಎಷ್ಟೋ ಕಥೆಗಳು ಗ್ರೀಕರ ಕಥೆಗಳಂತೆಯೇ ಇವೆ. ಬರಿಗೈಯಲ್ಲಿ ಸಿಂಹವನ್ನು ಸೀಳುವ, ಕೊನೆಗೆ ಹೆಂಗಸಿನಿಂದ ಕೆಡುವ ಮಹಾಬಲಶಾಲಿ ಅಲ್ಲೂ ಇದ್ದಾನೆ, ಇಲ್ಲೂ ಇದ್ದಾನೆ. ಪ್ರಳಯದಲ್ಲಿ ಪೆಟ್ಟಿಗೆಯಂಥ ಹಡಗು ಹತ್ತಿ ಬದುಕಿದ ಮುದುಕ ಎರಡೂ ಕಡೆ ಇದ್ದಾನೆ. ಹಾಗಾಗಿ ಇಬ್ರಿಯರು ಗ್ರೀಕರಿಂದ ಕೇಳಿಕೊಂಡಿರಬೇಕು. ಚಾಕೋ ಮಾಸ್ತರು ಇದನ್ನು ಒಪ್ಪುತ್ತಿರಲಿಲ್ಲ. ನಮ್ಮದೇ ಹಳೆಯದು, ಕೇಳಿಕೊಂಡಿದ್ದರೆ ಅವರು ನಮ್ಮಿಂದ ಕೇಳಿಕೊಂಡಿರಬೇಕು ಎನ್ನುವರು.

"ಹೇಳಿದ್ದು ಹಳೇದಿರಬಹುದು ಮಾರಾಯ್ರೆ, ಬರೆದದ್ದು ಯಾವಾಗ?" ಅಪ್ಪಯ್ಯ ಕೇಳುವರು. "ಕಡಲ ದಂಡೇಲಿ ಇಬ್ರಿಯರ ಪಕ್ಕದಲ್ಲೇ ಬಂದು ಕೂತ ಫಿಲಿಷ್ಟಿಯರು ಎಲ್ಲಿಯವರು? ಗ್ರೀಕರ ಕಡೆ ದ್ವೀಪದವರು. ಹೆಂಡ್ತಿ ಮಕ್ಕಳು ಕಟ್ಟಿಕೊಂಡು ಬಂದವರು ಕಥೆ ಒಂದನ್ನ ಮಾತ್ರ ಅಲ್ಲೇ ಬಿಟ್ಟು ಬಂದ್ರಾ?"

"ಪಕ್ಕದ ಮನೆಯವರು ಬಂದರು ಅಂತ ನಮ್ಮ ಅಡುಗೆ ಅವರದ್ದಾಗುವುದಿಲ್ಲ ಮೇಷ್ಟ್ರೇ," ಎಂದು ಚಾಕೋ ಮಾಸ್ತರು ತಮ್ಮ ನಿಧಾನದ ಕನ್ನಡದಲ್ಲಿ ಉತ್ತರ ಕೊಡುವರು.

ಒಳಗೆ ಅಕ್ಕ ನನ್ನ ಕಡೆ ನೋಡಿ ನಗುವಳು. ಯಾರು ಗೆದ್ದರೆಂದು ನಾವು ಬೆರಳಲ್ಲೇ ಲೆಕ್ಕ ಇಡುತ್ತಿದ್ದೆವು.

ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಶಿವರಾತ್ರಿಯ ಆಸುಪಾಸಿಗೆ, ಅಪ್ಪಯ್ಯ ಶೃಂಗೇರಿ ಕಡೆಯ ಅಡ್ಡಗದ್ದೆಗೆ, ತಮ್ಮ ಅಕ್ಕನ ಮನೆಗೆ ಒಂದು ತಿಥಿಗೆಂದು ಹೋದರು. ಅಲ್ಲೇ ಜ್ವರ ಹಿಡಿಯಿತು. ಮಂಗನ ಕಾಯಿಲೆ ಎಂದರು. ತಲೆ ಎತ್ತಲಾರದೆ, ಕಣ್ಣು ಬಿಡಲಾರದೆ ಹದಿನೆಂಟು ದಿನ ಮಲಗಿದ್ದರಂತೆ. ಆ ಮನೆಯವರು, ಅಂದರೆ ಅತ್ತೆ ಮತ್ತು ಮಾವ, ಅವರನ್ನು ಮಗುವಿನ ಹಾಗೆ ನೋಡಿಕೊಂಡರು. ಬಾಯಿಗೆ ಗಂಜಿ ಹಾಕಿದರು, ಮೈ ಒರೆಸಿದರು, ಡಾಕ್ಟರನ್ನು ಜೀಪು ಮಾಡಿಸಿ ಕರೆತಂದರು. ಇದನ್ನು ನಾನು ಯಾವತ್ತೂ ಸಣ್ಣದು ಮಾಡಿ ಹೇಳುವುದಿಲ್ಲ. ಎದ್ದು ಕೂರುವಂತಾದ ದಿನ ಅಪ್ಪಯ್ಯ ಮನೆಮಂದಿಯೆಲ್ಲರ ಎದುರಿಗೆ ಮಾವನಿಗೆ ಕೈಮುಗಿದು ಒಂದು ಮಾತು ಹೇಳಿದರಂತೆ.

"ಭಾವ, ಈ ಜೀವ ನೀವು ಕೊಟ್ಟಿದ್ದು. ನನ್ನ ಮನೆಯಿಂದ ಎಂತ ಕೇಳಿದ್ರೂ ಇಲ್ಲ ಅನ್ನಲ್ಲ."

ಕೇಳಲಿಕ್ಕೆ ಅವರು ಬಹಳ ದಿನ ಕಾಯಲಿಲ್ಲ. ಅಕ್ಕನ ಪರೀಕ್ಷೆ ಮುಗಿದ ವಾರ ಅತ್ತೆ ನಮ್ಮ ಮನೆಗೆ ಬಂದರು. ಅವರ ಮಗ ಶ್ರೀಪತಿಗೆ ಮೂವತ್ತೆರಡು. ಹೆಂಡತಿ ತೀರಿಹೋಗಿ ವರ್ಷವಾಗಿತ್ತು, ನಾಲ್ಕು ವರ್ಷದ ಒಂದು ಹೆಣ್ಣುಮಗುವಿತ್ತು. ಅತ್ತೆ ಹೊರಗಿನ ಕೋಣೆಯಲ್ಲಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನೇರವಾಗಿ ಕೇಳಿದರು.

"ದೊಡ್ಡ ಕೂಸನ್ನ ನಮಗೆ ಕೊಡು ತಮ್ಮ. ಆ ಮಗುಗೆ ಒಂದು ತಾಯಿ ಆಗ್ತದೆ. ಹೊರಗಿಂದ ಯಾರೋ ಬಂದು ಎಂತ ನೋಡ್ತಾರೆ?"

ಅಪ್ಪಯ್ಯ ನೆಲ ನೋಡುತ್ತ, "ಮಾತು ಕೊಟ್ಟಾಗಿದೆ. ಇನ್ನೆಂತ ಹೇಳದು," ಎಂದರು. ಅಷ್ಟೇ. ಅಕ್ಕ ಆಗ ಜಾಲರಿಯ ಈಚೆ ಅತ್ತೆಗೆಂದೇ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ತಟ್ಟಿದಳು.

ಮರುವಾರದ ಭಾನುವಾರ ಎಂದಿನಂತೆ ಚಾಕೋ ಮಾಸ್ತರು ಬಂದರು. ಅಪ್ಪಯ್ಯನಿಗೆ ಕಾಯಿಲೆಯಿಂದ ಎದ್ದ ಮೇಲೆ ಇದೇ ಮೊದಲ ದೊಡ್ಡ ಮಾತುಕತೆ, ಹುರುಪಿನಲ್ಲಿದ್ದರು. ಅವತ್ತು ಅವರು ಎತ್ತಿಕೊಂಡ ಕಥೆ ಯಾವುದೆಂದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಇಬ್ರಿಯರ ಒಬ್ಬ ಸೇನಾಪತಿ ಯುದ್ಧಕ್ಕೆ ಹೋಗುವಾಗ ದೇವರಿಗೆ ಹರಕೆ ಹೊತ್ತನಂತೆ: ಗೆದ್ದು ಬಂದರೆ ನನ್ನ ಮನೆಬಾಗಿಲಿಂದ ನನ್ನನ್ನು ಎದುರುಗೊಳ್ಳಲು ಯಾರು ಬರುತ್ತಾರೋ ಅವರನ್ನು ನಿನಗೆ ಬಲಿ ಕೊಡುತ್ತೇನೆ. ಗೆದ್ದು ಬಂದ. ಬಾಗಿಲಿಂದ ಕುಣಿಯುತ್ತ ಬಂದದ್ದು ಅವನ ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು ಅತ್ತ, ಮಾತು ತಪ್ಪುವ ಹಾಗಿಲ್ಲ ಎಂದ. ಮಗಳು ಎರಡು ತಿಂಗಳು ಬಿಡುವು ಕೇಳಿ, ಗೆಳತಿಯರ ಜೊತೆ ಬೆಟ್ಟಗಳಲ್ಲಿ ಅಲೆದು ಅತ್ತು, ವಾಪಸು ಬಂದಳು. ಅವನು ಹರಕೆ ತೀರಿಸಿದ. ಚಾಕೋ ಮಾಸ್ತರು ಇದನ್ನು ತಮ್ಮ ವೇದಪುಸ್ತಕದಲ್ಲಿ ಇದ್ದಂತೆ ತಗ್ಗಿದ ದನಿಯಲ್ಲಿ ಹೇಳಿದರು. ಅಪ್ಪಯ್ಯ ತೊಡೆ ತಟ್ಟಿದರು.

"ಇದಕ್ಕಿಂತ ಸಾಕ್ಷಿ ಎಂತ ಬೇಕು? ಗ್ರೀಕರಲ್ಲಿ ಒಬ್ಬ ದೊರೆ ಬಿರುಗಾಳಿಗೆ ಸಿಕ್ಕಿ, ದಡ ಮುಟ್ಟಿಸಿದ್ರೆ ಮೊದಲು ಕಂಡ ಜೀವ ನಿಂಗೆ ಅಂತ ಸಮುದ್ರದೇವರಿಗೆ ಹೇಳ್ತಾನೆ. ಕಂಡಿದ್ದು ಮಗ. ಇನ್ನೊಬ್ಬ ದೊರೆ ಹಡಗಿಗೆ ಗಾಳಿ ಬೀಸಲಿ ಅಂತ ಮಗಳನ್ನೇ ಬಲಿಪೀಠಕ್ಕೆ ತರ್ತಾನೆ. ಎರಡನ್ನೂ ಸೇರಿಸಿ ಹೊಲಿದಾರೆ, ನಿಮ್ಮ ಕಥೆ ಆಯ್ತು."

ನನಗೆ ಆಗ ಹನ್ನೊಂದು. ಕಾಫಿ ಲೋಟ ಕೊಡಲೆಂದು ಹೊರಗೆ ಬಂದವಳು ಅಲ್ಲೇ ನಿಂತಿದ್ದೆ. ಧೈರ್ಯ ಮಾಡಿ ಕೇಳಿದ್ದಲ್ಲ. ನಿಜಕ್ಕೂ ನನಗೆ ಹಾಗೆ ಅನ್ನಿಸಿತ್ತು, ಬಾಯಿಗೆ ಬಂತು.

"ಅಪ್ಪಯ್ಯ, ನೀವು ಮಾವಂಗೆ ಹೇಳಿದ್ದೂ ಹಂಗೇ ಅಲ್ವಾ?"

ಅಪ್ಪಯ್ಯ ನನ್ನ ಮುಖ ನೋಡದೆ, "ಒಳಗೆ ಹೋಗು ಕೂಸೇ," ಎಂದರು. ಚಾಕೋ ಮಾಸ್ತರು ಎಂತ ವಿಷಯ ಎಂದು ಕೇಳಿದರು. ಅಪ್ಪಯ್ಯ ಎರಡು ಮಾತಿನಲ್ಲಿ ಹೇಳಿದರು. ನಾನು ಜಾಲರಿಯ ಹಿಂದಿನಿಂದ ನೋಡುತ್ತಿದ್ದೆ. ಚಾಕೋ ಮಾಸ್ತರು ಲೋಟವನ್ನು ಕೆಳಗಿಟ್ಟರು.

"ಮಾತು ತಪ್ಪಿದರೆ ದೇವರು ಕೊಲ್ಲುವುದಿಲ್ಲ ಮೇಷ್ಟ್ರೇ. ಹುಡುಗಿ ಓದಲಿ."

"ನಿಮ್ಮ ಮನೆ ವಿಷಯಕ್ಕೆ ನಾನು ಯಾವತ್ತಾದ್ರೂ ಬಂದಿದೀನಾ ಮಾಸ್ತರೇ?"

ಚಾಕೋ ಮಾಸ್ತರು ಎದ್ದು ಲೋಟ ತೊಳೆದು ದಂಡೆಯ ಮೇಲಿಟ್ಟು ಹೊರಟುಹೋದರು. ಇಬ್ರಿಯರ ಪರವಾಗಿ ಅಷ್ಟು ವರ್ಷ ಪಟ್ಟು ಬಿಡದೆ ವಾದಿಸಿದ ಮನುಷ್ಯ ನನ್ನ ಅಕ್ಕನ ಪರವಾಗಿ ವಾದಿಸಿದ್ದು ಆ ಒಂದು ಮಾತು ಮಾತ್ರ. ಬಹಳ ಕಾಲ ನಾನು ಅವರನ್ನು ಒಳ್ಳೆಯವರ ಪಟ್ಟಿಯಲ್ಲಿ ಇಟ್ಟಿದ್ದೆ. ಈಗ ಇಟ್ಟಿಲ್ಲ. ಬೇರೆ ಲೋಟದಲ್ಲಿ ಕುಡಿಯುವವನಿಗೆ ಆ ಮನೆಯಲ್ಲಿ ಎಷ್ಟು ದನಿ ಇರುತ್ತದೆ ಎಂಬುದೂ ನನಗೆ ಗೊತ್ತಿದೆ. ಆದರೂ ಇಟ್ಟಿಲ್ಲ.

ನಿಜವಾದ ಜಗಳ ಆಡಿದ್ದು ಅಮ್ಮ. ಹಿಂದೆಂದೂ ಅಪ್ಪಯ್ಯನಿಗೆ ಎದುರಾಡಿದವಳಲ್ಲ. ಅವತ್ತು ಸಂಜೆ ದೀಪ ಹಚ್ಚಿ, ಬಂದು, ಹೊರಗಿನ ಕೋಣೆಯ ಹೊಸ್ತಿಲಲ್ಲಿ ನಿಂತಳು.

"ನೀವು ಮಾತು ಕೊಟ್ಟಿದ್ದು ನಿಮ್ಮ ಜೀವಕ್ಕೆ. ಹಂಗಾರೆ ನೀವೇ ಹೋಗಿ ಅವರ ಮನೇಲಿ ಇರಿ. ಕೊಟ್ಟಿಗೆ ಬಾಚಿ, ಮಗು ಎತ್ತಿಕೊಳ್ಳಿ. ನನ್ನ ಕೂಸು ಎಂತಕ್ಕೆ ಹೋಗ್ಬೇಕು?"

ಅಪ್ಪಯ್ಯ ಕೂಗಲಿಲ್ಲ, ಕೈಯೆತ್ತಲಿಲ್ಲ. ಊಟ ಬಿಟ್ಟರು. ಕಾಯಿಲೆ ಬಿದ್ದು ಎದ್ದವರು, ಕೊರಳ ಎಲುಬು ಎದ್ದು ಕಾಣುತ್ತಿತ್ತು. ಮೊದಲ ದಿನ ಅಮ್ಮ ಕಲ್ಲಾಗಿದ್ದಳು. ಎರಡನೇ ದಿನ ಎಲೆ ಹಾಕಿ ಕರೆದಳು, ಅವರು ಬರಲಿಲ್ಲ. ಮೂರನೇ ದಿನ ಶಾಲೆಯಿಂದ ಬಂದವರು ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡರು. ಅಮ್ಮ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತು ತಲೆ ತಗ್ಗಿಸಿಬಿಟ್ಟಳು. ಅವಳು ಸೋತದ್ದನ್ನು ನಾನೂ ಅಕ್ಕನೂ ಒಟ್ಟಿಗೆ ನೋಡಿದೆವು. ಹಸಿವೆಯಿಂದ ತನ್ನನ್ನೇ ಕೊಂದುಕೊಳ್ಳುತ್ತೇನೆಂದು ಹೆದರಿಸುವುದು ಹೊಡೆಯುವುದಕ್ಕಿಂತ ಮರ್ಯಾದಸ್ಥ ಕೆಲಸವೆಂದು ಅಪ್ಪಯ್ಯ ತಿಳಿದಿದ್ದರೇನೋ. ಎದೆಯ ಮೇಲೆ ಕಾಲಿಟ್ಟು ಒತ್ತುವುದೂ ಅದೂ ಒಂದೇ ಎಂದು ನಾನು ತಿಳಿದಿದ್ದೇನೆ. ಅಕ್ಕ ಎದ್ದು, ತಟ್ಟೆಗೆ ಗಂಜಿ ಬಡಿಸಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟು, ಹೊರಗೆ ಹೋಗಿ ಅಪ್ಪಯ್ಯನ ಮುಂದಿಟ್ಟಳು.

"ಊಟ ಮಾಡಿ ಅಪ್ಪಯ್ಯ."

ಅವರು ಅವಳ ಮುಖ ನೋಡಿದರು. ಕಣ್ಣಲ್ಲಿ ನೀರು ಬಂತು. ತಟ್ಟೆಗೆ ಕೈಹಾಕಿ ಉಂಡರು. ಆಮೇಲೆ ಒಳಗೆ ಬಂದು ಅಮ್ಮನಿಗೆ ಹೇಳಿದರು.

"ಕೂಸೇ ಒಪ್ತು."

ಆ ಮೇಲೆ ಅದೇ ಮಾತು ಎಲ್ಲ ಕಡೆ ಹೋಯಿತು. ಅಡ್ಡಗದ್ದೆಗೆ ಹೋಯಿತು, ಶಾಲೆಯ ಸ್ಟಾಫ್ ರೂಮಿಗೆ ಹೋಯಿತು, ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಸಿಕ್ಕಿತು. ಹುಡುಗಿಗೆ ಎಷ್ಟು ಒಳ್ಳೆ ಮನಸ್ಸು ನೋಡಿ, ತಾಯಿಲ್ಲದ ಮಗು ಅಂತ ತಾನಾಗೇ ಒಪ್ಪಿದೆ ಎಂದು ಹೆಂಗಸರೂ ಹೇಳಿದರು. ಅಕ್ಕ ಯಾರಿಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತು. ಧಾರೆಯ ಹೊತ್ತಿಗೆ ಶ್ರೀಪತಿ ಭಾವನ ಮಗು ಯಾರ ಕೈಯಿಂದಲೋ ತಪ್ಪಿಸಿಕೊಂಡು ಬಂದು ಅಕ್ಕನ ಮಡಿಲಲ್ಲಿ ಕೂತಿತು. ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಮಾತ್ರ ಆ ಮಗುವನ್ನು ದ್ವೇಷಿಸಿದೆ. ಅದು ಆ ಮಗುವಿಗೆ ಮಾಡಿದ ಅನ್ಯಾಯ, ಆದರೆ ಹನ್ನೊಂದು ವರ್ಷದವಳಿಗೆ ಬೇರೆ ಯಾರನ್ನು ದ್ವೇಷಿಸಬೇಕೆಂದು ಗೊತ್ತಿರಲಿಲ್ಲ.

ಫಲಿತಾಂಶ ಬಂದದ್ದು ಮದುವೆಯ ಮೇಲೆ. ಶಾಲೆಯ ಬೋರ್ಡಿನಲ್ಲಿ ಹಚ್ಚಿದ್ದಾರೆಂದು ಕೇಳಿ ಓಡಿಹೋದೆ. ಅಕ್ಕನ ನಂಬರು ನನಗೆ ಬಾಯಿಪಾಠವಿತ್ತು. ಫಸ್ಟ್ ಕ್ಲಾಸಿನ ಸಾಲಿನಲ್ಲಿ ನಾಲ್ಕೇ ನಂಬರುಗಳು, ಅದರಲ್ಲಿ ಅವಳದ್ದೊಂದು. ಅಪ್ಪಯ್ಯ ಸಕ್ಕರೆ ತರಿಸಿ ಮೇಷ್ಟ್ರುಗಳಿಗೆಲ್ಲ ಹಂಚಿದರು. ಎಲ್ಲರೂ ಅವರ ಕೈಕುಲುಕಿದರು. ಉಳಿದ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿ ಮನೆಗೆ ತಂದು ನನ್ನ ಕೈಗಿಟ್ಟು, "ನಿನ್ನಕ್ಕ ಮರ್ಯಾದೆ ಉಳಿಸ್ತು ನೋಡು," ಎಂದರು. ನಾನು ಪೊಟ್ಟಣವನ್ನು ಹಾಗೇ ಒಯ್ದು ಬಚ್ಚಲಿಗೆ ಸುರಿದೆ. ಅಪ್ಪಯ್ಯ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ನನ್ನ ಬದುಕಿನಲ್ಲಿ ನಾನು ಮೊದಲ ಸಲ ಒಬ್ಬರನ್ನು ಮುಖಕ್ಕೆ ಮುಖ ಎದುರಿಸಿದ್ದು ಅಲ್ಲಿ. ಆಮೇಲೆ ಅದು ನಿಲ್ಲಲೇ ಇಲ್ಲ.

ನನ್ನ ಓದಿಗೆ ಅಪ್ಪಯ್ಯ ಒಂದು ದಿನವೂ ಅಡ್ಡ ಬರಲಿಲ್ಲ. ಕೊಪ್ಪದಲ್ಲಿ ಪಿಯುಸಿ, ಶಿವಮೊಗ್ಗದಲ್ಲಿ ಡಿಗ್ರಿ, ಆಮೇಲೆ ಚರಿತ್ರೆಯಲ್ಲೇ ಎಂ.ಎ. ಸಂಬಂಧ ಹುಡುಕಿಕೊಂಡು ಬಂದವರನ್ನು ಅವರೇ ಅಂಗಳದಿಂದ ವಾಪಸು ಕಳಿಸಿದರು. ಊರವರು ಅವರನ್ನು ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಪಕ್ಷಪಾತಿ ಎಂದು ಹೊಗಳಿದರು. ನನಗೆ ಸಿಕ್ಕಿದ್ದು ಅಕ್ಕನಿಂದ ಕಿತ್ತುಕೊಂಡದ್ದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ನಾನೂ ಆಡದೆ ತೆಗೆದುಕೊಂಡೆ. ಅಡ್ಡಗದ್ದೆಯಲ್ಲಿ ಅಕ್ಕ ಆ ಮಗುವನ್ನು ಬೆಳೆಸಿದಳು, ತನ್ನವೆರಡನ್ನು ಹೆತ್ತಳು, ಅತ್ತೆ ಮಾವ ಹಾಸಿಗೆ ಹಿಡಿದಾಗ ಅವರ ಮೈ ಒರೆಸಿದಳು. ಶ್ರೀಪತಿ ಭಾವ ಸಾಧು ಮನುಷ್ಯ. ಅವಳನ್ನು ಒಂದು ದಿನವೂ ನೋಯಿಸಲಿಲ್ಲ. ಹಾಗಾಗಿ ಚೆನ್ನಾಗೇ ಆಯಿತಲ್ಲ ಎಂದು ಹೇಳುವವರಿದ್ದಾರೆ. ಅವರ ಎದುರು ನಾನು ತಾಳ್ಮೆ ಕಳೆದುಕೊಳ್ಳುತ್ತೇನೆ.

ಅಪ್ಪಯ್ಯ ತೀರಿಕೊಂಡು ಬಹಳ ವರ್ಷವಾದ ಮೇಲೆ, ಕೊಪ್ಪದಲ್ಲಿರುವ ಅವರ ಹಳೆಯ ವಿದ್ಯಾರ್ಥಿಗಳು ಕೆಲವರು ಅವರ ಲೇಖನಗಳನ್ನು ಸೇರಿಸಿ ಒಂದು ಪುಸ್ತಕ ಮಾಡುವುದೆಂದು ಹೊರಟರು. ಮಗಳು, ಅದರಲ್ಲೂ ಚರಿತ್ರೆಯ ಲೆಕ್ಚರರ್ ಆಗಿದ್ದವಳು, ಮುನ್ನುಡಿ ಬರೆಯಬೇಕೆಂದು ಕೇಳಿ ಕರಡನ್ನು ಕಳಿಸಿಕೊಟ್ಟರು. ಅದರಲ್ಲೊಂದು ಲೇಖನ ನಾನು ಎಂದೂ ನೋಡದ್ದು. ಇಬ್ರಿಯರ ಕಥೆಗಳ ಮೇಲೆ ಗ್ರೀಕರ ಪ್ರಭಾವ ಎಂಬ ವಿಷಯ; ಒಂದು ಸ್ಥಳೀಯ ವಾರಪತ್ರಿಕೆಯಲ್ಲಿ, ಅಕ್ಕನ ಮದುವೆಯಾದ ತಿಂಗಳೇ, ಅಚ್ಚಾಗಿತ್ತು. ಫಿಲಿಷ್ಟಿಯರು, ದ್ವೀಪಗಳು, ಸಿಂಹ ಸೀಳಿದವನು, ಎಲ್ಲ ಇದ್ದವು. ಆ ಭಾನುವಾರದ ಸೇನಾಪತಿಯ ಕಥೆಯೂ, ಮಗಳನ್ನು ಬಲಿಪೀಠಕ್ಕೆ ತಂದ ಗ್ರೀಕ್ ದೊರೆಯ ಕಥೆಯೂ ಇದ್ದವು. ಅದರ ಕೊನೆಗೆ ಅಪ್ಪಯ್ಯ ಬರೆದಿದ್ದರು: ಎರಡೂ ಕಥೆಗಳಲ್ಲಿ ಕನ್ಯೆಯು ತಂದೆಯ ಮಾತನ್ನು ಉಳಿಸಲು ತಾನಾಗಿ, ಸಂತೋಷದಿಂದ ಒಪ್ಪುತ್ತಾಳೆ, ಈ ಉದಾತ್ತ ಭಾವವನ್ನು ಇಬ್ರಿಯರು ಗ್ರೀಕರಿಂದಲೇ ಪಡೆದಿರಬೇಕು.

ಆ ಹಾಳೆಯನ್ನು ಕೆಳಗಿಟ್ಟೆ. ಯಾರು ಯಾರಿಂದ ಪಡೆದರು ಎಂಬುದು ನಾನೂ ಮೂವತ್ತು ವರ್ಷ ತರಗತಿಯಲ್ಲಿ ಚರ್ಚಿಸಿದ ವಿಷಯ. ಕಥೆಗಳು ಹಡಗಿನಲ್ಲಿ ಬಂದಿರಬಹುದು, ವ್ಯಾಪಾರಿಗಳ ಬಾಯಲ್ಲಿ ಬಂದಿರಬಹುದು, ಎರಡು ಊರಲ್ಲಿ ಬೇರೆಬೇರೆಯಾಗಿ ಹುಟ್ಟಿರಲೂಬಹುದು. ಆದರೆ ಹುಡುಗಿ ಒಪ್ಪಿದಳು ಎಂಬ ಮಾತನ್ನು ಯಾರಿಂದಲೂ ಕಡ ತರಬೇಕಾಗಿಲ್ಲ. ಕೊಟ್ಟ ಅಪ್ಪ ಎಲ್ಲಿ ಇದ್ದಾನೋ ಅಲ್ಲೇ ಅದು ಹುಟ್ಟುತ್ತದೆ, ಯಾಕೆಂದರೆ ಅದಿಲ್ಲದೆ ಅವನು ಆಮೇಲೆ ಅನ್ನ ಉಣ್ಣುವ ಹಾಗಿಲ್ಲ. ಕಥೆ ಬರೆದವರು ಅಪ್ಪಂದಿರು, ಅದನ್ನು ಹೋಲಿಸಿ ನೋಡಿದವರು ಅಪ್ಪಂದಿರು, ಉದಾತ್ತ ಎಂದು ಮೆಚ್ಚಿದವರೂ ಅಪ್ಪಂದಿರು. ನನ್ನ ಅಪ್ಪಯ್ಯ ಮೇ ತಿಂಗಳಲ್ಲಿ ಮಗಳನ್ನು ಕಳಿಸಿಕೊಟ್ಟು ಬಂದು, ಅದೇ ಹೊರಗಿನ ಕೋಣೆಯಲ್ಲಿ ಕೂತು, ಸಂತೋಷದಿಂದ ಎಂಬ ಪದವನ್ನು ಬರೆದಿದ್ದರು.

ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮಾರನೇ ದಿನವೇ ಅಡ್ಡಗದ್ದೆಗೆ ಹೋದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಆ ಪುಟವನ್ನು ಎರಡು ಸಲ ಓದಿದಳು.

"ಇದು ನನ್ನ ಮದುವೆ ತಿಂಗಳೇ ಬಂದಿದ್ದಾ?"

"ಹೌದು."

"ಆವಾಗ ನಂಗೆ ತೋರಿಸ್ಲಿಲ್ಲ."

"ನಂಗೂ ತೋರಿಸ್ಲಿಲ್ಲ ಅಕ್ಕ."

ಅವಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅಂಗಳ ನೋಡಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಆ ಇಬ್ರಿಯರ ಹುಡುಗಿ ಹೆಸರೆಂತ? ಇದ್ರಾಗೆ ಬರ್ದಿಲ್ಲ."

"ಅವರ ಗ್ರಂಥದಲ್ಲೇ ಇಲ್ಲ. ಅಪ್ಪನ ಹೆಸರಿದೆ, ಗೆದ್ದ ಊರುಗಳ ಹೆಸರಿದೆ. ಅವಳದ್ದು ಯಾರೂ ಬರ್ದಿಲ್ಲ."

"ಹಂಗಾರೆ ಒಂದು ಮಾಡು. ಮುನ್ನುಡಿ ನೀನೇ ಬರೆಯದಲ್ವಾ, ಅದ್ರಾಗೆ ನನ್ನ ಹೆಸರು ಬರಿ. ಪೂರ್ತಿ ಬರಿ. ಒಪ್ಪಿರಲಿಲ್ಲ ಅಂತ ಬರಿ."

"ಅಪ್ಪಯ್ಯನ ಪುಸ್ತಕದಲ್ಲಾ?"

"ಮತ್ತೆಲ್ಲಿ ಬರಿತೀ ಮಾರಾಯ್ತಿ? ಅವರು ಬರ್ದಿದ್ದು ಅಲ್ಲೇ ಅಲ್ವಾ?"

ಬರೆದೆ. ಕಳಿಸಿದೆ. ಕೊಪ್ಪದಿಂದ ಫೋನ್ ಬಂತು. ಪುಸ್ತಕದ ಕೆಲಸ ನೋಡಿಕೊಳ್ಳುತ್ತಿದ್ದವರು ಬಹಳ ವಿನಯದಿಂದ ಮಾತಾಡಿದರು.

"ಬರವಣಿಗೆ ಚೆನ್ನಾಗಿದೆ ಮೇಡಂ. ಆದ್ರೆ ಇದು ಮೇಷ್ಟ್ರ ನೆನಪಿಗೆ ಅಂತ ಮಾಡ್ತಿರೋದು. ಆ ಎರಡು ಪ್ಯಾರಾ ತೆಗೆದ್ರೆ ಉಳಿದಿದ್ದನ್ನ ಹಾಗೇ ಹಾಕ್ತೀವಿ. ಮನೆ ವಿಷಯ ಅಲ್ವಾ?"

ಉಳಿದದ್ದನ್ನೂ ಹಾಕಬೇಡಿ ಎಂದು ಹೇಳಿ ಫೋನ್ ಇಟ್ಟೆ. ಪುಸ್ತಕ ಬೇರೆಯವರ ಮುನ್ನುಡಿಯೊಂದಿಗೆ ಬಂತು. ಕೊಪ್ಪದಲ್ಲಿ ಬಿಡುಗಡೆಯಾಯಿತು, ನಾನು ಹೋಗಲಿಲ್ಲ. ಅಪ್ಪಯ್ಯನ ಲೇಖನ ಒಂದಕ್ಷರ ಬದಲಾಗದೆ ಅದರಲ್ಲಿದೆ, ಹುಡುಕಿದರೆ ಸಿಗುತ್ತದೆ. ಅದಕ್ಕೆ ಉತ್ತರವನ್ನು ನಾನು ಈ ನನ್ನ ಪುಸ್ತಕದಲ್ಲಿ ಅಚ್ಚು ಮಾಡಿಸುತ್ತಿದ್ದೇನೆ. ನನ್ನ ಅಕ್ಕನ ಹೆಸರು ವಿಶಾಲಾಕ್ಷಿ. ಹದಿನಾರನೇ ವಯಸ್ಸಿನಲ್ಲಿ ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು.